ಸಗಣಿಹುಳ ಹಿಡಿಯುತ್ತಿದ್ದ ಕಾಕಾ

ಯಾರದೋ ಮದುವೆಗೆಂದು ಟ್ರಂಕಿನಿಂದ ಇಳಕಲ್ ಸೀರೆ ತೆಗೆದರೆ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಅಡರುತ್ತದೆ. ಬೇರೆಯವರಿಗೆ ಅದು ಹಳೆಯ ಬಟ್ಟೆಯ ವಾಸನೆ. ನನಗೆ ಅದು ಯರಗುಪ್ಪಿಯ ನಮ್ಮ ಮನೆಯ ಪಡಸಾಲೆ, ಅಲ್ಲಿ ಗೋಡೆಗೆ ಒರಗಿಸಿಟ್ಟ ಗಾಜಿನ ಮುಚ್ಚಳದ ಡಬ್ಬಿಗಳು, ಒಳಗೆ ಇದೇ ಗುಳಿಗೆಗಳ ನಡುವೆ ಸೂಜಿ ಚುಚ್ಚಿಸಿಕೊಂಡು ಸಾಲಾಗಿ ಮಲಗಿದ ಸಗಣಿಹುಳಗಳು. ಅವು ಅಪ್ಪನ ತಮ್ಮ ಶೇಖರಕಾಕಾ ಕೂಡಿಸಿಟ್ಟಿದ್ದು. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಅವನು ಮುಂಗಾರಿನ ಮೊದಲಿಗೆ ಮಿರಗದ ಮಳೆ ಬಿದ್ದ ಮರುದಿನವೇ ನನ್ನನ್ನು ಕರೆದುಕೊಂಡು ಹೊಲದ ದಾರಿ ಹಿಡಿಯುತ್ತಿದ್ದ. ಎತ್ತುಗಳು ಹಾಕಿದ ಸಗಣಿ ಇನ್ನೂ ಬಿಸಿಯಿರುವಾಗಲೇ ಹುಳಗಳು ಗುಂಯ್ಯೆಂದು ಬಂದಿಳಿದು, ಉಂಡೆ ಕಟ್ಟಿ, ತಲೆಕೆಳಗಾಗಿ ನಿಂತು ಹಿಂಗಾಲಿನಿಂದ ನೂಕುತ್ತ ಹೊರಡುತ್ತಿದ್ದವು. ಒಂದೊಂದು ಬಗೆಯದರಲ್ಲಿ ಒಂದೆರಡನ್ನಷ್ಟೇ ಕಾಕಾ ಎತ್ತಿ ಬಾಟಲಿಗೆ ಹಾಕುತ್ತಿದ್ದ.

ಅಪ್ಪನ ತಾಯಿ, ನಮ್ಮ ಆಯಿಗೆ ಇದು ಸೇರುತ್ತಿರಲಿಲ್ಲ. ಲಿಂಗಪೂಜೆ ಮುಗಿಸಿ ಹೊರಬರುವಾಗ ಡಬ್ಬಿಗಳತ್ತ ಮುಖ ತಿರುಗಿಸಿ ದಾಟುತ್ತಿದ್ದಳು. ಊರಲ್ಲಿ ಒಬ್ಬೊಬ್ಬರೇ ಎತ್ತು ಮಾರಿ ಟ್ರ್ಯಾಕ್ಟರ್ ತಂದರು, ಕಡೆಗೆ ನಾವೂ ತಂದೆವು. ಹುಳ ಕಡಿಮೆಯಾಗಿದ್ದನ್ನು ಮೊದಲು ಕಂಡವನು ಕಾಕಾನೇ. ಪ್ರತಿ ವರ್ಷ ಸಿಗುತ್ತಿದ್ದ ಕೊಂಬಿನ ಹುಳ ಈ ಸಲ ಒಂದೂ ಕಾಣಲಿಲ್ಲ ಎಂದು ಊಟಕ್ಕೆ ಕೂತಾಗ ಹೇಳಿದ. ಆಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

"ವರ್ಷಾ ವರ್ಷಾ ನೀನ ಹಿಡಿದು ಕೊಂದಿ. ಇನ್ನ ಎಲ್ಲಿಂದ ಬರಬೇಕೋ?"

ಕಾಕಾ ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಮಾತು ನಾಟಿತ್ತು. ಮುಂದಿನ ಮಳೆಗಾಲದಲ್ಲಿ ತಾನೆಂದೂ ಹುಳ ಹಿಡಿಯದ ಕಡೆಗಳನ್ನೇ ಹುಡುಕಿಕೊಂಡು ಹೋದ. ಮೊರಬದ ಎರೆಹೊಲಗಳಿಗೆ ಒಬ್ಬನೇ ಹೋಗಿಬಂದ, ಕಲಘಟಗಿಗೆ ನನ್ನನ್ನೂ ಬಸ್ಸಿನಲ್ಲಿ ಕರೆದೊಯ್ದ. ಭತ್ತದ ಗದ್ದೆಯ ಬದುವಿನ ಮೇಲೆ ಸಗಣಿಯ ಎದುರು ನಾವಿಬ್ಬರೂ ಕಾಯುತ್ತ ಕೂತೆವು. ಬಿಸಿಲಿಗೆ ಅದು ಹಕ್ಕಳೆಗಟ್ಟಿತೇ ಹೊರತು ಏನೂ ಬಂದಿಳಿಯಲಿಲ್ಲ. ಸಂಜೆ ಅಡವಿಯ ಅಂಚಿಗೆ, ಮೇಯುವ ದನಗಳ ಹಿಂದೆ ನಡೆದಾಗ ಮಾತ್ರ ಆ ಗುಂಯ್‌ಗುಡುವಿಕೆ ಕೇಳಿಸಿತು. ಕಾಕಾ ಬಾಟಲಿಯ ಮುಚ್ಚಳ ತೆಗೆಯದೆ, ಮೊಣಕಾಲೂರಿ ಸುಮ್ಮನೆ ನೋಡುತ್ತ ಕೂತ.

ಮನೆಗೆ ಬಂದವನೇ ಆಯಿಯ ಮುಂದೆ ಕೂತ. "ಅವ್ವಾ, ನಾ ಕಾಲಿಡದ ಹೊಲದಾಗೂ ಇಲ್ಲ. ಎತ್ತು ಹೋದುವು. ಇದ್ದ ದನಕ್ಕ ಜಂತಿನ ಔಷಧ, ಆ ಸಗಣಿ ತಿಂದ ಹುಳ ಉಳಿಯಂಗಿಲ್ಲ. ಹೊಲಕ್ಕ ಕಸ ಸಾಯಿಸೋ ಎಣ್ಣಿ. ಅಡವಿ ಬಾಜೂಕ ಅಷ್ಟ ಉಳದಾವು."

ಆಯಿ ಗೋಡೆಗೆ ಒರಗಿದ್ದ ಡಬ್ಬಿಗಳತ್ತ ತಿರುಗಿದಳು.

"ನಿನ್ನಿಂದನ ಆಗಿದ್ದರ ಛಲೋ ಇತ್ತಪಾ," ಅಂದಳು. "ನೀ ಬಿಟ್ಟರ ಮತ್ತ ಬರತಿದ್ದುವು."

ಆ ವರ್ಷವೇ ಕಾಕಾ ಡಬ್ಬಿಗಳನ್ನು ಕಾಲೇಜಿಗೆ ಕೊಟ್ಟುಬಿಟ್ಟ. ಒಯ್ಯುವ ದಿನ ಆಯಿ ಒಂದೊಂದೇ ಗಾಜನ್ನು ಸೆರಗಿನಿಂದ ಒರೆಸಿ ಅವನ ಕೈಗಿತ್ತಳು. ಈಗ ಅವರಿಬ್ಬರೂ ಇಲ್ಲ. ಪಾಲಾದ ಮನೆಯಲ್ಲಿ ಪಡಸಾಲೆಯ ನಡುವೆ ಗೋಡೆ ಎದ್ದಿದೆ. ಮೊದಲ ಮಳೆಗೆ ಊರಿಗೆ ಹೋದರೆ ಹೊಲದ ದಾರಿಯಲ್ಲಿ ನಿಂತು ನೆಲ ನೋಡುತ್ತೇನೆ. ಮಣ್ಣು ನೆನೆಯುತ್ತದೆ, ಟ್ರ್ಯಾಕ್ಟರಿನ ಗಾಲಿಯ ಗುರುತುಗಳಲ್ಲಿ ನೀರು ನಿಲ್ಲುತ್ತದೆ. ಮತ್ತೇನೂ ಕದಲುವುದಿಲ್ಲ.