ಅಪ್ಪನ ಹೆಸರಿನಲ್ಲಿ ವಿಯೆಟ್ನಾಮಿಗೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ. ಇಳಿಯದೆ ಉಳಿದದ್ದು ಒಂದೇ ಒಂದು ಸಿಟ್ಟು, ಅದು ಅಪ್ಪನ ಮೇಲಿನದು. ಇಪ್ಪತ್ತೆರಡು ವರ್ಷ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾದರೂ ಅದು ಹಾಗೇ ಇತ್ತು.

ಆಗ ನನಗೆ ಇಪ್ಪತ್ನಾಲ್ಕು. ಬಾಗಲಗುಂಟೆಯಲ್ಲಿ ನಮ್ಮ ಮನೆ, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ. ತಯಾರಾದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವವಳು ನಾನು. ಹೊಸ ಯಂತ್ರ ಬರುವುದಿತ್ತು, ಅದನ್ನು ಕಲಿತು ಬರಲು ಒಬ್ಬರನ್ನು ಎರಡು ವಾರ ತೈವಾನಿಗೆ ಕಳಿಸಬೇಕಿತ್ತು. ಮಾಲೀಕರು ನನ್ನನ್ನು ಆರಿಸಿದರು. ಅಂದು ಬಸ್ಸಿನಲ್ಲಿ ಸೀಟು ಸಿಕ್ಕಿದ್ದರೂ ನಿಂತೇ ಬಂದೆ, ಅಷ್ಟು ಖುಷಿ. ಅಪ್ಪ ಬೇಡ ಅಂದ. ಮಾಲೀಕರೇ ಮನೆಗೆ ಬಂದರು. ಹೋಗೋದು ಬರೋದು ಎಲ್ಲಾ ಕಂಪನಿ ನೋಡಿಕೊಳ್ಳುತ್ತೆ, ನಿಮ್ಮ ಮಗಳು ಬುದ್ಧಿವಂತೆ ಎಂದು ಅರ್ಧ ಗಂಟೆ ಹೇಳಿದರು. ಅಪ್ಪ ಅವರಿಗೆ ಕಾಫಿ ಕೊಡಿಸಿ ಕೈಮುಗಿದ.

"ಒಬ್ಳೇ ಓಗೋದು ಬ್ಯಾಡ ಸ್ವಾಮಿ. ಇನ್ನೇನ್ ಬೇಕಾದ್ರೂ ಕೇಳಿ."

ಕಾರಣ ಹೇಳಲಿಲ್ಲ. ನಾನು ಅತ್ತೆ, ಊಟ ಬಿಟ್ಟೆ, ಜಪ್ಪಯ್ಯ ಅಂದರೂ ಅವನು ಜಗ್ಗಲಿಲ್ಲ. ನನ್ನ ನಂತರ ಕೆಲಸಕ್ಕೆ ಸೇರಿದ್ದ ಒಬ್ಬಾತ ತೈವಾನಿಗೆ ಹೋಗಿಬಂದ. ನೆನಪಿಗೆ ಅಂತ ನನಗೊಂದು ಕೀ ಚೈನ್ ತಂದುಕೊಟ್ಟ. ಅವನ ಎದುರಿಗೆ ಥ್ಯಾಂಕ್ಸ್ ಹೇಳಿ ಮನೆಯ ಹತ್ತಿರ ಮೋರಿಗೆ ಎಸೆದೆ. ಅಪ್ಪನ ಜೊತೆ ಒಂದು ತಿಂಗಳು ಮಾತು ಬಿಟ್ಟೆ. ಆಮೇಲೆ ಮಾತೇನೋ ಶುರುವಾಯಿತು, ಮದುವೆಯಾಯಿತು, ಸಹಕಾರನಗರಕ್ಕೆ ಬಂದೆ, ಮಗಳು ಹುಟ್ಟಿದಳು. ಆದರೆ ಸಿಕ್ಕಿದಾಗೆಲ್ಲ ಚುಚ್ಚುವುದನ್ನು ಬಿಡಲಿಲ್ಲ. ಟೀವಿಯಲ್ಲಿ ಯಾವುದಾದರೂ ಹೊರದೇಶ ಕಂಡರೆ ಸಾಕು, ನೋಡಪ್ಪ, ನಾನು ನೋಡಬೇಕಾಗಿದ್ದ ಊರು ಅನ್ನುತ್ತಿದ್ದೆ. ಅವನು ಸುಮ್ಮನೆ ಮೀಸೆ ಸವರಿಕೊಳ್ಳುತ್ತಿದ್ದ.

ಕಳೆದ ವರ್ಷ, ನಲವತ್ತಾರನೇ ವಯಸ್ಸಿನಲ್ಲಿ, ಬೆಳಗಿನ ತಿಂಡಿಯ ಹೊತ್ತಿಗೆ ನಾನು ವಿಯೆಟ್ನಾಮಿಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಬೇಸಿಗೆ ರಜೆಯಲ್ಲಿ ಮೂವರೂ ಹೋಗೋಣ ಅಂದರು ನಮ್ಮ ಯಜಮಾನರು. ಬೇಡ, ಒಬ್ಬಳೇ ಹೋಗಬೇಕು ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ, ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ನೋಡು, ಹೋದೆನಲ್ಲ, ಏನಾಯಿತು ಈಗ ಅಂತ ಅಪ್ಪನಿಗೆ ತೋರಿಸಬೇಕಿತ್ತು. ಸತ್ತವನ ಮೇಲೆ ಜಿದ್ದು ಸಾಧಿಸುವವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಪಾಸ್‌ಪೋರ್ಟ್ ಅರ್ಜಿ ತುಂಬಲು ಕೂತವಳು ಮಗಳು. ಸರ್‌ನೇಮ್ ಏನು ಹಾಕಲಿ ಎಂದು ಕೇಳಿದಳು. ನಮ್ಮಲ್ಲಿ ಎಲ್ಲಿಂದ ಬರಬೇಕು ಸರ್‌ನೇಮು? ಹೆಸರಿಗೆ ಅಂಟಿಕೊಂಡು ಒಂದಕ್ಷರ ಇರುತ್ತದೆ, ಕೆಲವರಿಗೆ ಅದು ಊರು, ಕೆಲವರಿಗೆ ಅಪ್ಪ. ನನ್ನದು ಅಪ್ಪ. ಮದುವೆಯಾದ ಮೇಲೂ ಅದನ್ನು ಬದಲಾಯಿಸುವ ಗೋಜಿಗೆ ಹೋಗಿರಲಿಲ್ಲ. ಖಾಲಿ ಬಿಟ್ಟರೆ ವೀಸಾಗೆ ತಕರಾರು ಬರುತ್ತದಂತೆ ಎಂದು ಮಗಳು ಆ ಅಕ್ಷರವನ್ನು ಬಿಡಿಸಿ ಅಪ್ಪನ ಹೆಸರನ್ನು ಪೂರ್ತಿ ಬರೆದಳು. ಪಾಸ್‌ಪೋರ್ಟ್ ಬಂದಾಗ ಮೊದಲ ಸಾಲಿನಲ್ಲಿ ಅಪ್ಪನ ಹೆಸರು, ಅದರ ಕೆಳಗೆ ನನ್ನದು. ನಮ್ಮ ಯಜಮಾನರು ಅದನ್ನು ತಿರುವಿ ನೋಡಿ, ಟ್ರಿಪ್ಪು ನಿಂದೋ ಮಾವಂದೋ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವನು ಬೇಡ ಅಂದ ಪ್ರಯಾಣಕ್ಕೆ ಅವನದೇ ಹೆಸರೇ ಅಂತ ಮುಖ ಊದಿಸಿಕೊಂಡೆ.

ಸಹಕಾರನಗರದಿಂದ ವಿಮಾನ ನಿಲ್ದಾಣ ಎಷ್ಟು ದೂರ ಹೇಳಿ. ಇಷ್ಟು ವರ್ಷ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಾ ವಿಮಾನದ ಹೊಟ್ಟೆ ನೋಡಿದವಳು ನಾನು. ಅಂದು ಬೆಳಗ್ಗೆ ಒಳಗೆ ಕೂತಾಗ ಯಲಹಂಕದ ಕೆರೆ ಹುಡುಕೋಣ ಎಂದು ಕಿಟಕಿಗೆ ಮೂಗು ಒತ್ತಿದೆ, ಅಷ್ಟರಲ್ಲಿ ಮೋಡ ಬಂತು. ಕ್ವಾಲಾಲಂಪುರದಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕಿತ್ತು. ಗೇಟು ಹುಡುಕಿದೆ, ಬೋರ್ಡು ಎರಡು ಸಲ ಓದಿದೆ, ಸರಿಯಾದ ಜಾಗದಲ್ಲಿ ಕೂತೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಡಬ್ಬಿ ತೆಗೆದು ಚಪಾತಿಗೆ ಚಟ್ನಿಪುಡಿ ಹಚ್ಚಿಕೊಂಡೆ.

ಆಗ ಮೈಕಿನಲ್ಲಿ ಅಪ್ಪನ ಹೆಸರು ಕೇಳಿಸಿತು. ಉಚ್ಚಾರ ಅಷ್ಟು ಸರಿಯಿರಲಿಲ್ಲ, ಆದರೆ ಅದೇ ಹೆಸರು. ಅಯ್ಯೋ, ನಮ್ಮಪ್ಪನ ಹೆಸರಿನವನು ಇಲ್ಲೂ ಒಬ್ಬ ಇದ್ದಾನಲ್ಲ ಅಂತ ಖುಷಿಯಾಯಿತು. ಯಾರಿರಬಹುದು ಎಂದು ಕತ್ತೆತ್ತಿ ಸುತ್ತ ನೋಡಿದೆ. ನಮ್ಮ ಕಡೆಯವನಂತೆ ಕಾಣುವ ಒಬ್ಬನೂ ಇರಲಿಲ್ಲ. ಮತ್ತೆ ಕೂಗಿದರು. ಪಾಪ, ಎಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾನೋ ಅಂದುಕೊಂಡೆ. ಜನ ಸಾಲಿನಲ್ಲಿ ಒಳಗೆ ಹೋಗತೊಡಗಿದರು. ನೂಕುನುಗ್ಗಲು ಕಡಿಮೆಯಾಗಲಿ ಎಂದು ನಾನು ಕೂತೇ ಇದ್ದೆ. ಮೂರನೇ ಸಲ ಕೂಗಿದಾಗ ರೇಗಿತು. ಎಂಥ ಬೇಜವಾಬ್ದಾರಿ ಮನುಷ್ಯ, ಇವನೊಬ್ಬನಿಂದ ಎಲ್ಲರಿಗೂ ತಡ ಎಂದು ಪಕ್ಕದಲ್ಲಿದ್ದ ಹೆಂಗಸಿನ ಕಡೆ ತಿರುಗಿ ತಲೆ ಕೂಡ ಚಚ್ಚಿಕೊಂಡೆ.

ಕೊನೆಗೆ ತಲೆಗೆ ಸ್ಕಾರ್ಫ್ ಕಟ್ಟಿದ್ದ ಸಿಬ್ಬಂದಿಯ ಹುಡುಗಿಯೊಬ್ಬಳು ಚೀಟಿ ಹಿಡಿದು ನನ್ನ ಹತ್ತಿರವೇ ಬಂದಳು. ಅಪ್ಪನ ಹೆಸರು ಹೇಳಿ ನೀವೇನಾ ಎಂದು ಕೇಳಿದಳು. ಅಲ್ಲ, ಅದು ನಮ್ಮ ತಂದೆ ಅಂದೆ. ಅವರು ಎಲ್ಲಿದ್ದಾರೆ ಅಂದಳು. ತೀರಿಕೊಂಡಿದ್ದಾರೆ ಅಂದೆ. ಆ ಹುಡುಗಿಯ ಮುಖ ನೋಡಬೇಕಿತ್ತು. ಪಾಸ್‌ಪೋರ್ಟ್ ಈಸಿಕೊಂಡು ನೋಡಿ, ಮೇಡಂ, ಇದು ನೀವೇ, ನಿಮ್ಮ ವೀಸಾ ಪರೀಕ್ಷೆ ಮಾಡಬೇಕು, ಬಾಗಿಲು ಮುಚ್ಚಲು ಮೂರು ನಿಮಿಷ ಇದೆ ಅಂದಳು.  ಅರ್ಧ ಚಪಾತಿ ಕೈಯಲ್ಲಿ ಹಿಡಿದೇ ಓಡಿದೆ. ವೀಸಾದ ಕಾಗದ ಚೀಲದಲ್ಲಿ ಸಿಗಲೇ ಇಲ್ಲ. ಆ ಒಂದು ನಿಮಿಷ, ನಾನು ಇಲ್ಲೇ ಉಳಿದರೆ ಈ ಊರಿನಲ್ಲಿ ನನ್ನನ್ನು ಬಲ್ಲವರು ಒಬ್ಬರೂ ಇಲ್ಲ ಎನ್ನುವುದು ನಿಚ್ಚಳವಾಯಿತು. ಹುಡುಗಿಯೇ ಚೀಲದಿಂದ ಕಾಗದ ಹುಡುಕಿ ತೆಗೆದಳು.

ಸೀಟಿನಲ್ಲಿ ಕೂತು ಆ ಅರ್ಧ ಚಪಾತಿಯನ್ನು ಡಬ್ಬಿಗೆ ಹಾಕಿದೆ. ಕೈಯಲ್ಲಿ ಫೋನಿತ್ತು, ಕಾರ್ಡಿತ್ತು, ನಲವತ್ತಾರು ವರ್ಷದ ಬದುಕಿನ ಅನುಭವವಿತ್ತು, ಆದರೂ ಇಷ್ಟು ಹೆದರಿದ್ದೆ. ಬಾಗಲಗುಂಟೆಯ ಸಂಜೆಗಳು ನೆನಪಾದವು. ನಾನು ಕೆಲಸ ಮುಗಿಸಿ ಬಸ್ಸಿಳಿಯುವಾಗ ಅಪ್ಪ ಸ್ಟಾಪಿನಲ್ಲಿ ನಿಂತಿರುತ್ತಿದ್ದ. ಯಾಕೆ ಬಂದೆ ಅಂದರೆ ಕೊತ್ತಂಬರಿ ಸೊಪ್ಪು ತಗೊಳ್ಳಲು ಬಂದಿದ್ದೆ ಅನ್ನುತ್ತಿದ್ದ. ದಿನಾ ಒಂದು ಕಟ್ಟು ಕೊತ್ತಂಬರಿ ಯಾರ ಮನೆಗೆ ಬೇಕು? ಅಮ್ಮ ಬೈದು ಬೈದು ಸಾಕಾಗಿ ಅದನ್ನು ಅಕ್ಕಪಕ್ಕದವರಿಗೆ ಹಂಚುತ್ತಿದ್ದಳು. ಮಾತು ಬಿಟ್ಟ ಆ ತಿಂಗಳಿನಲ್ಲೂ ಅವನು ಒಂದು ದಿನ ತಪ್ಪಿಸಲಿಲ್ಲ. ನಾನು ಮುಂದೆ ದಡದಡ ನಡೆಯುತ್ತಿದ್ದೆ, ಅವನು ಸೊಪ್ಪು ಹಿಡಿದು ಹತ್ತು ಹೆಜ್ಜೆ ಹಿಂದೆ. ಪೀಣ್ಯದಿಂದ ಬರುವ ಮಗಳಿಗೇ ಇಷ್ಟು ಎದೆ ಹೊಡೆದುಕೊಳ್ಳುತ್ತಿದ್ದವನು ತೈವಾನಿಗೆ ಹೇಗೆ ಕಳಿಸಿಯಾನು? ಹಟ ಅಂದುಕೊಂಡಿದ್ದೆ. ಅಪ್ಪ ಹೆದರಿದ್ದ, ಅಷ್ಟೇ. ಹೆದರಿಕೆ ಆಗುತ್ತೆ ಕಣವ್ವ ಅಂತ ಒಂದು ಮಾತು ಹೇಳಲು ಅವನಿಗೆ ಬರಲಿಲ್ಲ, ಕೇಳಲು ನನಗೂ ಬರಲಿಲ್ಲ. ಕಳಿಸದೇ ಇದ್ದದ್ದು ತಪ್ಪೇ, ಅದನ್ನು ಈಗಲೂ ಹೇಳುತ್ತೇನೆ. ಆದರೂ ಕರವಸ್ತ್ರ ಸಾಲದೆ ವಿಮಾನದವರು ಕೊಟ್ಟ ಟಿಶ್ಯೂ ಎಲ್ಲ ಮುಗಿಸಿದೆ.

ಹನೋಯಿನಲ್ಲಿ ಐದು ದಿನ ಇದ್ದೆ, ಊರು ಸುತ್ತಿಸುವ ಒಂದು ಪ್ರವಾಸಿ ಗುಂಪಿನ ಜೊತೆ. ನಮ್ಮ ಗುಂಪನ್ನು ಬಸ್ಸಿನಲ್ಲಿ ಕರೆದೊಯ್ಯುವ ಗೈಡ್ ಮೂವತ್ತರ ಆಸುಪಾಸಿನ ಹೆಂಗಸು. ದಿನಾ ಬೆಳಗ್ಗೆ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದಳು. ಅವಳಿಗೂ ನಾನು ಅಪ್ಪನೇ. ಹೋಟೆಲಿನ ಕೌಂಟರಿನಲ್ಲಿ ಅಪ್ಪ, ಊಟದ ಮೇಜಿನ ಚೀಟಿಯಲ್ಲಿ ಅಪ್ಪ, ಒಂದು ದಿನ ದೂರದ ಸಮುದ್ರಕ್ಕೆ ಕರೆದೊಯ್ದಾಗ ದೋಣಿಯ ಬಳಿ ಲೈಫ್ ಜಾಕೆಟ್ ಕೊಡುವವನ ಪಟ್ಟಿಯಲ್ಲೂ ಅಪ್ಪ. ಜೀವಮಾನದಲ್ಲಿ ತುಮಕೂರು ದಾಟಿ ಹೋದವನಲ್ಲ, ಕೆರೆಯ ನೀರಿಗೂ ಮಂಡಿ ಮಟ್ಟಕ್ಕಿಂತ ಹೆಚ್ಚು ಇಳಿದವನಲ್ಲ. ಅವನ ಹೆಸರನ್ನು ಸಮುದ್ರದ ಮೇಲೆ ಕೂಗಿದಾಗ ನನಗೆ ನಗು, ಅದರ ಹಿಂದೆಯೇ ಅಳು.

ನಾಲ್ಕನೇ ದಿನ ಊಟದ ಹೊತ್ತಿನಲ್ಲಿ ಗೈಡ್ ನನ್ನ ಪಕ್ಕ ಬಂದು ಕೂತಳು. ಪಾಸ್‌ಪೋರ್ಟಿನ ಪ್ರತಿ ನೋಡಿದಾಗ ಎರಡನೇ ಹೆಸರು ಕಂಡಿತಂತೆ. ಇಷ್ಟು ದಿನ ತಪ್ಪಾಗಿ ಕರೆದೆನೇ, ಮನೆಯಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೋ ಹಾಗೆಯೇ ಕರೆಯುತ್ತೇನೆ ಎಂದು ಪೆನ್ನು ತೆಗೆದಳು. ಹೇಳಲು ಬಾಯಿ ತೆರೆದೆ. ಒಬ್ಬಳೇ ಬಂದೆ ಎಂದು ತೋರಿಸಲು ಬಂದವಳು ನಾನು, ನನ್ನ ಹೆಸರು ಬರೆಸಿದ್ದರೆ ಅಲ್ಲಿಗೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ಮನಸ್ಸು ಬರಲಿಲ್ಲ. ಬೇಡ, ಇದೇ ಇರಲಿ, ಇದೇ ಹೆಸರಿನಲ್ಲಿ ಕೂಗಿ ಅಂದೆ. ಅವಳು ನಕ್ಕು ಪೆನ್ನು ಮುಚ್ಚಿದಳು.

ಮಾರನೆಯ ದಿನ ಬೆಳಗ್ಗೆ ಬಸ್ಸಿನಲ್ಲಿ ಅಪ್ಪನ ಹೆಸರನ್ನೇ ಮೊದಲು ಕೂಗಿದಳು. ನಾನು ಕೈಯೆತ್ತಿದೆ.

"ಇಬ್ರೂ ಬಂದಿದೀವಿ," ಅಂದೆ, ಕನ್ನಡದಲ್ಲೇ.

ಅವಳಿಗೆ ಏನೂ ತಿಳಿಯಲಿಲ್ಲ. ತಲೆಯಾಡಿಸಿ, ಪಟ್ಟಿಯಲ್ಲಿ ಒಂದು ಗುರುತು ಹಾಕಿ, ಮುಂದಿನವರನ್ನು ಕೂಗಿದಳು.