ಮೈಕಮ್ಮ ಮಾತು ಬಿಟ್ಟ ನಲವತ್ತು ದಿನ

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಮೈಕಮ್ಮ ಎಂದೇ ಕರೆಯುತ್ತಿದ್ದರು. ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆಂದು ಮೈಕಿನಲ್ಲಿ ಹೇಳುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಸೇರಿದ ಹೊಸದರಲ್ಲಿ ಒಮ್ಮೆ ಬಾಯಿ ತಪ್ಪಿ ಐದರ ಬದಲು ಆರು ಎಂದುಬಿಟ್ಟಿದ್ದಳು. ಅದನ್ನು ನಂಬಿ ಬಸುರಿಯೊಬ್ಬಳು ಬೇರೆ ಬಸ್ಸು ಹತ್ತಿದಳು. ಅರ್ಧ ದಾರಿಯಲ್ಲಿ ವಿಷಯ ಗೊತ್ತಾದ ಚಾಲಕ, ಉಳಿದವರ ಬೈಗುಳ ತಿಂದುಕೊಂಡೇ ಬಸ್ಸು ತಿರುಗಿಸಿ ತಂದು ಅವಳನ್ನು ಇಳಿಸಿದ. ತಪ್ಪು ಯಾರದೆಂದು ಎಲ್ಲೂ ಬಾಯಿ ಬಿಡಲಿಲ್ಲ. ನಾಳೆ ಒಂದು ಒಳ್ಳೆಯ ಮಾತು ಹೇಳಿದರಾಯಿತು ಎಂದುಕೊಂಡಳು ಮೈಕಮ್ಮ. ಮರುದಿನ ನೋಡಿದರೆ ಅವನಿಗೆ ದೂರದ ಊರಿಗೆ ವರ್ಗವಾಗಿತ್ತು.

ಅಂದಿನಿಂದ ಅವಳದೊಂದು ನೇಮ. ದಿನಕ್ಕೆ ಒಬ್ಬರಿಗೆ, ಎದುರಿಗೆ ನಿಂತು, ಏತಕ್ಕೆಂದು ಬಿಡಿಸಿ ಹೇಳಿ ಥ್ಯಾಂಕ್ಸ್ ಹೇಳಬೇಕು. ನಾಳೆಗೆ ಇಡಬಾರದು. ಧೂಳೇಳದಂತೆ ನೀರು ಚಿಮುಕಿಸಿ ಗುಡಿಸಿದ್ದಕ್ಕೆ ಕಸ ಗುಡಿಸುವವಳಿಗೆ ಹೇಳಿದಳು. ಕಿವಿ ಕೇಳದ ಮುದುಕನಿಗೆ ಮೂರು ಸಲ ದಾರಿ ಹೇಳಿದ್ದಕ್ಕೆ ಸಿಡುಕುಮೋರೆಯ ಟಿಕೆಟ್ ಗುಮಾಸ್ತನಿಗೆ ಹೇಳಿದಳು. ಆ ಗುಮಾಸ್ತ ಅಂದು ಸಂಜೆಯವರೆಗೆ ಯಾರ ಮೇಲೂ ಹರಿಹಾಯಲಿಲ್ಲವಂತೆ.

ಐವತ್ತರ ಹತ್ತಿರ ಅವಳ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಡಾಕ್ಟರು ಅದನ್ನು ತೆಗೆದು, ನಲವತ್ತು ದಿನ ಪಿಸುಮಾತೂ ಆಡಕೂಡದೆಂದು ಬಾಯಿಗೆ ಬೀಗ ಜಡಿದರು.

ಮನೆಯಲ್ಲಿದ್ದವಳು ನಾದಿನಿ ಒಬ್ಬಳೇ. ಮೈಕಮ್ಮನ ಗಂಡ ತೀರಿಕೊಂಡು ಹತ್ತೊಂಬತ್ತು ವರ್ಷವಾದರೂ ಅತ್ತಿಗೆ ನಾದಿನಿ ಒಂದೇ ಸೂರಿನಡಿ ಉಳಿದಿದ್ದರು. ನಾದಿನಿಯದು ಹೊಲಿಗೆ ಕೆಲಸ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಚುಚ್ಚುಮಾತು ಆಡಬಲ್ಲವಳು.

ಮೂರನೆಯ ದಿನ ಮೈಕಮ್ಮ ಒಂದು ಚೀಟಿ ಬರೆದು ಅವಳ ಮುಂದೆ ಇಟ್ಟಳು. ಎದುರುಮನೆಯಾಕೆ ಹಣ್ಣು ಕೊಟ್ಟು ಹೋಗಿದ್ದಾಳೆ, ನನ್ನ ಪರವಾಗಿ ಥ್ಯಾಂಕ್ಸ್ ಹೇಳಿ ಬಾ, ಎಂದಿತ್ತು. ನಾದಿನಿ ಓದಿ, ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದಿಟ್ಟಳು.

"ಹೇಳ್ತೀನಿ ಬಿಡಿ ಅತ್ತಿಗೆ. ಊರಿಗೆಲ್ಲ ಹೇಳಿ ಆಯ್ತಲ್ಲ, ಇದೊಂದ್ಯಾಕೆ ಬಾಕಿ? ಈ ಮನೇಲೂ ಒಬ್ಬಳು ಇದಾಳೆ ಅಂತ ನಿಮ್ಮ ಕಣ್ಣಿಗೆ ಯಾವತ್ತಾದ್ರೂ ಬಿದ್ದಿದ್ಯಾ?"

ಮಾತಿಗೆ ಮಾತು ಬೆಳೆಸುವುದರಲ್ಲಿ ಮೈಕಮ್ಮನೇನೂ ಹಿಂದೆ ಬೀಳುವವಳಲ್ಲ. ಆದರೆ ಬಾಯಿ ತೆರೆಯುವಂತಿರಲಿಲ್ಲ. ನುಂಗಿಕೊಂಡು ಕೂತಳು. ಕೂತಲ್ಲಿ ಬೇರೆ ಕೆಲಸವಿಲ್ಲದೆ ಸುಮ್ಮನೆ ನೋಡತೊಡಗಿದಳು. ನಾದಿನಿ ಹಾಲನ್ನು ತುಟಿಗೆ ತಾಗಿಸಿ, ಬಿಸಿ ಹದವಾಗಿದೆಯೇ ಎಂದು ನೋಡಿಯೇ ತರುತ್ತಿದ್ದಳು. ಮಧ್ಯಾಹ್ನ ಮೈಕಮ್ಮ ಮಲಗಿದಾಗ ಸದ್ದಾಗದಂತೆ ಹೊಲಿಗೆ ಯಂತ್ರ ನಿಲ್ಲಿಸಿ, ಕಿಟಕಿಯ ಬಳಿ ಕೂತು ಅಂಚುಗಳನ್ನೆಲ್ಲ ಕೈಯಲ್ಲೇ ಹೊಲಿಯುತ್ತಿದ್ದಳು. ಒಂದು ದಿನ ಕಪಾಟಿನಿಂದ ತನ್ನ ಹಳೆಯ ಸ್ವೆಟರು ತೆಗೆದ ಮೈಕಮ್ಮ ಮೊದಲ ಬಾರಿಗೆ ಅದರ ಒಳಮೈ ನೋಡಿದಳು. ಎರಡೂ ಮೊಣಕೈಯಲ್ಲಿ ಅದೇ ಬಣ್ಣದ ಉಣ್ಣೆಯಿಂದ, ಹೊರಗೆ ಗೊತ್ತೇ ಆಗದ ಹಾಗೆ, ಪದರದ ಮೇಲೆ ಪದರ ನೇಯ್ದಿತ್ತು. ಇಷ್ಟು ವರ್ಷವಾದರೂ ಹರಿದಿಲ್ಲ, ಎಂಥ ಗಟ್ಟಿ ಮಾಲು ಕೊಟ್ಟಿರಿ ಎಂದು ಅವಳು ಅದನ್ನು ಮಾರಿದ ಅಂಗಡಿಯವನಿಗೆ ಎರಡು ಸಲ ಥ್ಯಾಂಕ್ಸ್ ಹೇಳಿ ಬಂದಿದ್ದಳು. ಸ್ವೆಟರನ್ನು ಮೊದಲಿದ್ದ ಹಾಗೆಯೇ ಮಡಿಸಿ ಕಪಾಟಿನಲ್ಲಿಟ್ಟಳು. ಈ ಥ್ಯಾಂಕ್ಸನ್ನು ಚೀಟಿಯಲ್ಲಿ ಬರೆದುಕೊಡಲು ಮಾತ್ರ ಮನಸ್ಸಾಗಲಿಲ್ಲ.

ನಲವತ್ತೊಂದನೆಯ ದಿನ ಡಾಕ್ಟರ ಅಪ್ಪಣೆ ಸಿಕ್ಕಿತು. ಮನೆಗೆ ಬಂದವಳೇ ಹೊಲಿಗೆ ಯಂತ್ರದ ಎದುರು ನಿಂತು ಬಾಯಿ ತೆರೆದಳು. ತುಕ್ಕು ಹಿಡಿದ ಬಾಗಿಲು ಎಳೆದಂಥ ಸದ್ದು ಬಂತು. ನಾದಿನಿ ಗಾಬರಿಯಾಗಿ ನೀರು ತಂದುಕೊಟ್ಟಳು. ಕುಡಿದು ಮತ್ತೆ ಪ್ರಯತ್ನಿಸಿದಳು.

"ಸ್ವೆಟರಿನ ಮೊಣಕೈ ನೋಡಿದೆ. ಮಧ್ಯಾಹ್ನ ನೀನು ಮಿಷನ್ ನಿಲ್ಲಿಸ್ತಿದ್ದೆ, ಅದನ್ನೂ ನೋಡಿದೆ. ಥ್ಯಾಂಕ್ಸ್ ಕಣೇ. ತುಂಬಾ ತಡ ಮಾಡಿದೆ."

"ಹಾಗಾದ್ರೆ ಅಂಗಡಿಯವನಿಗೆ ಹೇಳಿದ್ದನ್ನ ವಾಪಸ್ ತಗೊಂಡು ಬನ್ನಿ," ಎಂದಳು ನಾದಿನಿ. ಸೂಜಿಗೆ ದಾರ ಪೋಣಿಸಲು ಹೋಗಿ ನಾಲ್ಕು ಸಲ ತಪ್ಪಿದಳು.

ಹಳೆಯ ಸ್ವರ ಮರಳಲಿಲ್ಲ. ನಿಲ್ದಾಣದವರು ಮೈಕಮ್ಮನನ್ನು ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೌಂಟರಿಗೆ ಹಾಕಿದರು. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ಕೂತವಳು, ತನ್ನ ಜಾಗಕ್ಕೆ ಬಂದ ಹೊಸ ಹುಡುಗಿಯ ದನಿ ಮೈಕಿನಲ್ಲಿ ಕೇಳಿದಾಗಲೆಲ್ಲ ಕೌಂಟರಿನ ಕಿಟಕಿ ಎಳೆದುಕೊಳ್ಳುತ್ತಿದ್ದಳು. ನಾಲ್ಕು ದಿನ ಆ ಕಡೆ ತಲೆಯೇ ಹಾಕಲಿಲ್ಲ. ಐದನೆಯ ದಿನ ಗಾಜಿನ ಕೋಣೆಯ ಬಾಗಿಲು ತಟ್ಟಿದಳು. ಊರಿನ ಹೆಸರು ಹೇಳಿ, ಒಂದು ಉಸಿರು ಬಿಟ್ಟು ನಂಬರು ಹೇಳುತ್ತೀಯಲ್ಲ, ಅದರಿಂದ ವಯಸ್ಸಾದವರಿಗೆ ಎಷ್ಟೋ ಅನುಕೂಲ ಎಂದು ಒಡಕು ದನಿಯಲ್ಲೇ ಹೇಳಿದಳು. ಹುಡುಗಿ ಪಿಳಿಪಿಳಿ ನೋಡಿದಳು. ಬಂದು ತಿಂಗಳಾದರೂ ತಪ್ಪು ಹಿಡಿಯಲು ಬಂದವರನ್ನು ಬಿಟ್ಟು ಯಾರೂ ಆ ಬಾಗಿಲು ತಟ್ಟಿರಲಿಲ್ಲವಂತೆ. ಕೋಣೆಯಲ್ಲಿದ್ದದ್ದು ಒಂದೇ ಕುರ್ಚಿ. ಅದನ್ನು ಮೈಕಮ್ಮನ ಕಡೆ ಸರಿಸಿ, ಹುಡುಗಿ ನಿಂತುಕೊಂಡೇ ಮುಂದಿನ ಬಸ್ಸಿನ ಹೆಸರು ಹೇಳಿದಳು.