ಐದನೆಯ ಜಾಗ ನನ್ನದು

ನಮ್ಮ ಮನೆತನದಲ್ಲಿ ಪದವಿ ಮುಗಿಸಿದವರಲ್ಲಿ ನಾನೇ ಮೊದಲನೆಯವಳು. ಕಾಲೇಜು ಸೇರುವಾಗ ಓಣಿಯ ಹಿರಿಯರೊಬ್ಬರು, "ಮದ್ಲ ಇಂಗ್ಲಿಷ್ ಸುಧಾರಿಸ್ಲಿ, ಆಮ್ಯಾಲ ಡಿಗ್ರಿ ನೋಡೂಣಂತ" ಎಂದಿದ್ದರು. ಅದು ಸುಧಾರಿಸುವ ತನಕ ಕಾದಿದ್ದರೆ ಇವತ್ತಿಗೂ ಬೆಟಗೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತೇ ಇರುತ್ತಿದ್ದೆ. ಇಂಗ್ಲಿಷ್ ಬಂದದ್ದು ಕಾಲೇಜಿನೊಳಗೆ ಕಾಲಿಟ್ಟ ಮೇಲೆ. ಹೀಗಾಗಿ "ನೀ ಇನ್ನೂ ತಯಾರಾಗಿಲ್ಲ" ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಈಚೆಗೆ ಆ ಮಾತು ಮತ್ತೆ ಕಿವಿಗೆ ಬಿದ್ದದ್ದು ಮೊಬೈಲ್ ಆಟದಲ್ಲಿ. ಗದಗಿನ ಮುದ್ರಣಾಲಯದಲ್ಲಿ ಪುಟ ಜೋಡಿಸುವ ಕೆಲಸ ಮುಗಿಸಿ ಬಂದು, ಸಂಜೆ ನಾನು ಕಾಲೇಜಿನ ಹಳೆಯ ಗೆಳೆಯರ ಜೊತೆ ಆಡುತ್ತಿದ್ದೆ. ಐವರ ತಂಡ; ಎದುರಿನ ಐವರ ಕೋಟೆ ಒಡೆಯಬೇಕು. ಗದಗಿನ ವ್ಯಾಪಾರಿ ಮನೆತನದ ಗೆಳೆಯ ನಮ್ಮ ನಾಯಕ. ಉಳಿದವರು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಒಬ್ಬೊಬ್ಬರು. ಐದನೆಯವಳು ನಾನು, ಆಟಕ್ಕೆ ಎಲ್ಲರಿಗಿಂತ ಹೊಸಬಳು.

ಆಟದಲ್ಲಿ ಎರಡು ಬಗೆ. ಸಾದಾ ಪಂದ್ಯದಲ್ಲಿ ಸೋತರೂ ಗೆದ್ದರೂ ಏನೂ ಬದಲಾಗುವುದಿಲ್ಲ. ರ‍್ಯಾಂಕ್ ಪಂದ್ಯದಲ್ಲಿ ಗೆದ್ದರೆ ದರ್ಜೆ ಏರುತ್ತದೆ, ಸೋತರೆ ಇಳಿಯುತ್ತದೆ. ನನ್ನನ್ನು ಮೊದಲ ಸಲ ರ‍್ಯಾಂಕಿಗೆ ಕರೆದುಕೊಂಡ ದಿನ ನಾಯಕ ಆಡುತ್ತಲೇ ಮೊಬೈಲಿನಲ್ಲಿ ನಮಗೆಲ್ಲ ಕೇಳುವಂತೆ ತನ್ನ ಯೋಜನೆ ಹೇಳುತ್ತಿದ್ದ. ಪರದೆಯ ಮೇಲೆ ಅವನ ಪಾತ್ರದ ಬೆನ್ನ ಹಿಂದಿನ ಪೊದೆಯಲ್ಲಿ ಇಬ್ಬರು ಎದುರಾಳಿಗಳು ನನಗೆ ಕಂಡರು. ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಬೆಳೆದವಳು ನಾನು. ಅವನ ಮಾತು ಮುಗಿಯಲಿ ಎಂದು ಕಾದೆ. ಮಾತಿಗಿಂತ ಮೊದಲು ಅವನೇ ಮುಗಿದ.

"ಕಂಡಿದ್ರ ಹೇಳಾಕ ಏನಾಗಿತ್ತು ನಿನಗ?"

"ನೀ ಮಾತಾಡಾಕತ್ತಿದ್ದಿ."

ಲಕ್ಷ್ಮೇಶ್ವರದವನು ಬಿದ್ದು ಬಿದ್ದು ನಕ್ಕ. "ಆಕಿ ಮರ್ಯಾದಿಗೆ ಸತ್ತೀ ಬಿಡಲೇ! ಪುಣ್ಯಾತ್ಮ!"

ನಾಯಕ ನಗಲಿಲ್ಲ. "ಯವ್ವಾ, ನೀ ಇನ್ನೊಂದಿಷ್ಟ ದಿನ ಸಾದಾ ಆಟಾನ ಆಡು. ತಯಾರಾದ ಮ್ಯಾಲ ಕರೀತೀನಿ" ಎಂದ. ಮರುದಿನದಿಂದ ಐದನೆಯ ಜಾಗಕ್ಕೆ ಆಟವೇ ತಂದು ಕೂಡಿಸಿದ ಯಾರೋ ಗುರುತಿಲ್ಲದವನು ಬರತೊಡಗಿದ. ನನಗಿಂತ ಚೆನ್ನಾಗಿ ಆಡುತ್ತಿದ್ದನೇನೋ, ಇರಲಿ. ಆದರೆ ಆ ಜಾಗ ನನ್ನದಾಗಿತ್ತು.

ಸಾದಾ ಪಂದ್ಯ ಆಡಿದೆ. ಅಲ್ಲಿ ಯಾರೂ ಮಾತನ್ನೇ ಆಡುವುದಿಲ್ಲ. ಒಬ್ಬ ಊಟಕ್ಕೆ ಕರೆ ಬಂತೆಂದು ನಡುವೆಯೇ ಎದ್ದು ಹೋಗುತ್ತಾನೆ. ಇನ್ನೊಬ್ಬ ಕೋಟೆ ಬಿಟ್ಟು ಮೂಲೆಯಲ್ಲಿ ಸುಮ್ಮನೆ ಕುಣಿಯುತ್ತಿರುತ್ತಾನೆ. ಬೆರಳು ಚುರುಕಾದವು, ಖರೆ. ಆದರೆ ನನ್ನ ತಪ್ಪು ಬೆರಳಿನದಲ್ಲ, ಬಾಯಿಯದು. ಕೂಗಿದರೂ ಕೇಳುವವರಿಲ್ಲದ ಕಡೆ ಕೂಗುವುದನ್ನು ಹೇಗೆ ಕಲಿಯಲಿ?

ನಮ್ಮದು ನೇಕಾರರ ಮನೆ. ನನಗೆ ನೇಯ್ಗೆ ಕಲಿಸುವಾಗ ಅವ್ವ ಹಳೆಯ ನೂಲಿನ ಮೇಲೆ ರೂಢಿ ಮಾಡಿಸಲಿಲ್ಲ. ಮಾರುವ ಸೀರೆಯ ಮೇಲೆಯೇ ಕೂಡಿಸಿದಳು. ಉಟ್ಟಾಗ ಒಳಗೆ ಮುಚ್ಚಿಹೋಗುವ ತುದಿಯನ್ನು ನನಗೆ ಬಿಟ್ಟುಕೊಟ್ಟಳು, ಅಷ್ಟೇ. "ಕೆಟ್ರ ಕಾಣಾಂಗಿಲ್ಲ, ಆದ್ರ ಖರೆ ಸೀರಿ ಐತಿ, ನೆಪ್ಪಿರ್ಲಿ" ಎಂದಳು. ಎಳೆ ಕಡಿದದ್ದಕ್ಕೆ ಬೈದವಳಲ್ಲ. ಕಡಿದದ್ದು ಗೊತ್ತಾಗದೆ ಲಾಳಿ ಓಡಿಸಿದ್ದಕ್ಕೆ ಬೈಯುತ್ತಿದ್ದಳು.

ಮಗ್ಗದ ಮುಂದೆ ಇನ್ನೊಂದು ಪದ್ಧತಿಯೂ ಇತ್ತು. ಕಡಿದ ಎಳೆ ಯಾರಿಗೆ ಮೊದಲು ಕಾಣುತ್ತದೋ ಅವರು "ಎಳಿ!" ಎಂದು ಕೂಗಬೇಕು. ಅಜ್ಜ ಮಾತಾಡುತ್ತಿರಲಿ, ಬೀಗರೇ ಬಂದು ಕುಳಿತಿರಲಿ, ಕೂಗಬೇಕು. ಅದನ್ನು ಉದ್ಧಟತನ ಎಂದು ನಮ್ಮ ಮನೆಯಲ್ಲಿ ಯಾರೂ ಎಂದೂ ಅಂದಿಲ್ಲ. ಪಡಸಾಲೆಯ ಮರ್ಯಾದೆಯನ್ನು ಆಟಕ್ಕೆ ಒಯ್ದಿದ್ದೆ. ಒಯ್ಯಬೇಕಾಗಿದ್ದದ್ದು ಮಗ್ಗದ ಮನೆಯದನ್ನು.

ಯಾರ ಅಪ್ಪಣೆಗೂ ಕಾಯದೆ ಒಬ್ಬಳೇ ರ‍್ಯಾಂಕಿಗೆ ಇಳಿದೆ. ಕೆಳಗಿನ ದರ್ಜೆ, ಎಲ್ಲ ಅಪರಿಚಿತರು. ಸೋತೆ, ಬೈಸಿಕೊಂಡೆ. ಆದರೆ ಅಲ್ಲಿ ಸೋಲು ಎಲ್ಲರಿಗೂ ನಾಟುತ್ತಿತ್ತು. ಕೂಗಿದರೆ ತಿರುಗಿ ನೋಡುತ್ತಿದ್ದರು. ಬರಬರುತ್ತ ಪಂದ್ಯ ಎಲ್ಲಿ ಕಡಿಯಿತು ಎಂಬುದು ಬೈಗುಳ ಬರುವ ಮೊದಲೇ ನನಗೆ ತಿಳಿಯತೊಡಗಿತು. ಹೊಸಬರು ಯಾವಾಗ ಇಳಿಯಬೇಕು ಎಂದು ನನ್ನನ್ನು ಕೇಳಿದರೆ ಇಷ್ಟೇ ಹೇಳುತ್ತೇನೆ: ತಮ್ಮ ಪಾತ್ರದ ಕೆಲಸ ಗೊತ್ತಾದ ಕೂಡಲೇ ಇಳಿಯಲಿ. ಉಳಿದದ್ದನ್ನು ಖರೆ ಸೀರೆಯೇ ಕಲಿಸುತ್ತದೆ.

ಒಂದು ರವಿವಾರ ಮಧ್ಯಾಹ್ನ ನಾಯಕನಿಗೆ ಫೋನ್ ಮಾಡಿ ನಾನು ಏರಿದ ದರ್ಜೆ ಹೇಳಿದೆ.

"ನಿನಗ ರ‍್ಯಾಂಕ್ ಆಡಂತ ಯಾರ ಹೇಳಿದ್ರು?"

"ಯಾರೂ ಹೇಳಿಲ್ಲ. ಗುರ್ತಿಲ್ಲದವನ್ನ ಕರ್ಕೋತೀ, ನನ್ನ ಕರ್ಕೊಳ್ಳಾಕ ಏನ ಧಾಡಿ?"

ಒಂದು ಪಂದ್ಯಕ್ಕೆ ಒಪ್ಪಿದ. ಶುರುವಾಗುತ್ತಲೇ ಅವನ ಯೋಜನೆಯೂ ಶುರು: "ಈಗ ನಾವು ಏನ್ ಮಾಡೂಣಂದ್ರ..." ಪೊದೆ ಅಲುಗಿತು.

"ಹಿಂದ! ಬಾಜೂಕ ಸರಿ!"

ಮಗ್ಗದ ಮನೆಯ ಗಂಟಲಿನಲ್ಲೇ ಕೂಗಿದ್ದೆ. ಒಳಗಿನಿಂದ ಅವ್ವ, "ಏನ ಕಡೀತವಾ?" ಎಂದು ಓಡಿಬಂದಳು. ನಾಯಕ ಸರಿದ, ಬದುಕಿದ.

ಲಕ್ಷ್ಮೇಶ್ವರದವನು ಅಂದ: "ಅಬ್ಬಾ, ಮರ್ಯಾದಿ ಎಲ್ಲಿ ಹೋತವಾ?"

"ಮನ್ಯಾಗ ಐತಿ. ನೀ ಎಡಕ್ಕ ನೋಡು, ಬಂದ್ರು!"

ಆ ಪಂದ್ಯ ಕೊನೆಗೆ ಸೋತೆವು. ಐವರ ದರ್ಜೆಯೂ ಇಳಿಯಿತು. ಯಾಕೆ ಸೋತೆವೆಂದು ನಾಯಕ ಉದ್ದಕ್ಕೆ ವಿವರಿಸತೊಡಗಿದ. ಈ ಸಲ ಮಾತು ಮುಗಿಯುವ ತನಕ ನಾನು ಕಾಯಲಿಲ್ಲ.

"ನಡುವಿನ ದಾರಿ ಖಾಲಿ ಬಿಟ್ವಿ, ಅಲ್ಲೇ ಕಡೀತು. ಮುಂದಿಂದು ಚಾಲೂ ಮಾಡು."

ನಾಯಕ ತನ್ನ ವಿವರಣೆಯನ್ನು ಅಲ್ಲಿಗೇ ಬಿಟ್ಟ. ಪರದೆಯ ಮೇಲೆ ಮುಂದಿನ ಪಂದ್ಯದ ತಂಡದ ಐದು ಚೌಕಗಳು ಮೂಡಿದವು. ಐದನೆಯದರಲ್ಲಿ ನನ್ನ ಹೆಸರಿತ್ತು.